ಮೂವತ್ತೊಂದು ಅಂಕದ ಮೈದಾನ

ಒಂದು ಕೆಲಸ ಮಾಡಲು ಬಾರದವನಿಗೆ ಆ ಕೆಲಸದ ಗುಣದೋಷಗಳು ಬಹಳ ಸ್ಪಷ್ಟವಾಗಿ ಕಾಣುತ್ತವೆ ಎಂಬುದು ನನ್ನ ಅನುಭವ. ಅಡುಗೆ ಮಾಡುವವರಿಗೆ ಹೊಗೆ ಅಡ್ಡ ಬರುತ್ತದೆ, ಉಣ್ಣುವವನಿಗೆ ಬರುವುದಿಲ್ಲ. ನಾನು ಫುಟ್‌ಬಾಲ್ ಆಡಿದವನಲ್ಲ. ಹೈಸ್ಕೂಲಿನಲ್ಲಿ ಒಂದೇ ಒಂದು ಸಲ, ಹನ್ನೊಂದನೆಯವನು ಜ್ವರ ಬಂದು ಮಲಗಿದ್ದರಿಂದ, ನನ್ನನ್ನು ಗೋಲಿನಲ್ಲಿ ನಿಲ್ಲಿಸಿದ್ದರು. ಚೆಂಡು ನನ್ನ ಕಡೆಗೆ ಬಂತು. ಅದರ ವೇಗವನ್ನೂ ನನ್ನ ಕನ್ನಡಕವನ್ನೂ ಹೋಲಿಸಿ ನೋಡಿ ನಾನು ಪಕ್ಕಕ್ಕೆ ಸರಿದು ದಾರಿ ಕೊಟ್ಟೆ. ಯಾಕೆ ಸರಿದೆ ಎಂದು ನಾಯಕ ಕೇಳಿದಾಗ ಮೂರು ಕಾರಣ ಹೇಳಿದೆ; ಮೂರೂ ಸರಿಯಾಗಿಯೇ ಇದ್ದವು. ಆಮೇಲೆ ನನ್ನನ್ನು ಯಾರೂ ಆಟಕ್ಕೆ ಕರೆಯಲಿಲ್ಲ. ಅಂದಿನಿಂದ ಫುಟ್‌ಬಾಲನ್ನು ನಾನು ನಿಷ್ಪಕ್ಷಪಾತವಾಗಿ ನೋಡಲು ಸಾಧ್ಯವಾಯಿತು.

ನನ್ನ ಆಟವೇ ಬೇರೆ. ಹಾಸನದ ಕಾಲೇಜಿನಲ್ಲಿ ನಾನು ಚರ್ಚಾಕೂಟದ ಕಾರ್ಯದರ್ಶಿಯಾಗಿದ್ದೆ. ಬೆಳಿಗ್ಗೆ ನಗರಜೀವನವೇ ಮೇಲೆಂದು, ಮಧ್ಯಾಹ್ನ ಗ್ರಾಮಜೀವನವೇ ಮೇಲೆಂದು ವಾದಿಸಿ ಎರಡಕ್ಕೂ ಬಹುಮಾನ ತಂದವನು. ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅಮ್ಮ ನೆಲ ತಟ್ಟುವ ಮೊದಲೇ ನಾನು ಹಲ್ಲಿಯ ಗಂಟಲಿನ ರಚನೆಯನ್ನು ವಿವರಿಸಲು ಶುರುಮಾಡುತ್ತಿದ್ದೆ. ಹೀಗಾಗಿ ನಮ್ಮ ಮನೆಯಲ್ಲಿ ಕೆಲವು ಕಾಲ ಹಲ್ಲಿಗಿಂತ ನನ್ನ ಹೆದರಿಕೆಯೇ ಹೆಚ್ಚಾಗಿತ್ತು. ನಮ್ಮ ಚರ್ಚಾಕೂಟದಲ್ಲಿ ಒಂದು ನಿಯಮವಿತ್ತು. ಎದುರಾಳಿ ಪ್ರಶ್ನೆ ಹಾಕಿದ ಮೇಲೆ ಒಂದು ನಿಮಿಷದೊಳಗೆ ಉತ್ತರ ಹೊರಡದಿದ್ದರೆ ಗಂಟೆ ಬಾರಿಸುತ್ತಾರೆ. ಎದುರಾಳಿಯ ಲೆಕ್ಕಕ್ಕೆ ಒಂದು ಅಂಕ ಸೇರುತ್ತದೆ. ಈ ನಿಯಮವನ್ನು ತಂದವನು ನಾನೇ. ನಾಲ್ಕು ವರ್ಷದಲ್ಲಿ ಆ ಒಂದು ಅಂಕವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಈ ಮಾತನ್ನು ನಾನು ಎಲ್ಲ ಕಡೆಯೂ ಹೇಳುತ್ತಿದ್ದೆ, ಊಟಕ್ಕೆ ಕೂತ ಕಡೆಯಲ್ಲೂ.

ಇಂಥವನು ಫುಟ್‌ಬಾಲ್ ಮೈದಾನಗಳಿಗೆ ಅಂಕ ಕೊಡುವ ಗೀಳಿಗೆ ಬಿದ್ದದ್ದಕ್ಕೆ ಕಾಲೇಜಿನ ವಾಚನಾಲಯವೇ ಕಾರಣ. ಅಲ್ಲಿಗೆ ಯಾರೋ ಪುಣ್ಯಾತ್ಮರು ಒಂದು ಕಟ್ಟು ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ದಾನ ಮಾಡಿದ್ದರು. ಅದರಲ್ಲೊಂದು ಚಿತ್ರಸಹಿತ ಲೇಖನ. ಪರದೇಶದ ಯಾರೋ ಒಬ್ಬ ದೊಡ್ಡಮನುಷ್ಯ ತನ್ನ ನೆಚ್ಚಿನ ತಂಡದ ಹಿಂದೆ ಊರೂರು ಸುತ್ತಿ, ಕಂಡ ಸ್ಟೇಡಿಯಂಗಳಿಗೆಲ್ಲ ಅಂಕ ಹಾಕುತ್ತಾನಂತೆ. ಇಲ್ಲಿ ಕುರ್ಚಿ ಮೆತ್ತಗಿದೆ, ಅಲ್ಲಿ ಕಂಬ ಅಡ್ಡ ಬರುತ್ತದೆ, ಇನ್ನೊಂದರಲ್ಲಿ ಚಹಾ ತಣ್ಣಗಿರುತ್ತದೆ, ಹೀಗೆ. ಅವನೂ ಒಂದು ದಿನವೂ ಚೆಂಡು ಒದ್ದವನಲ್ಲವೆಂದು ಲೇಖನದ ಕೊನೆಯಲ್ಲಿ ಬರೆದಿತ್ತು. ಓದಿ ನನಗೆ ಸ್ವಂತ ಅಣ್ಣನನ್ನು ಕಂಡಂತಾಯಿತು.

ನಮ್ಮ ಊರಿನಲ್ಲಿ ಒಂದು ತಂಡವಿತ್ತು. ಬಸ್ಸಿನ ಶೆಡ್ಡಿನಲ್ಲಿ ಟೈರು ಬಿಚ್ಚುವ ಜವರ ಅದರ ಸೆಂಟರ್ ಫಾರ್ವರ್ಡ್. ಬರಿಗಾಲಿನಲ್ಲಿ ಒದ್ದರೂ ಅವನ ಚೆಂಡು ಗೋಲು ಕಾಯುವ ಗೋಲಿಯ ಅಂಗೈ ಕೆಂಪು ಮಾಡುತ್ತಿತ್ತು. ತಂಡ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಭಾನುವಾರ ಭಾನುವಾರ ಹೋಗುತ್ತಿತ್ತು. ನಾನೂ ಹೊರಟೆ. ಬಸ್ಸಿನಲ್ಲಿ ನನಗೆ ಸ್ಥಾನ ಸುಲಭವಾಗಿ ಸಿಗಲಿಲ್ಲ. "ಸೀನಪ್ಪೋರೆ, ನೀವ್ ಆಡಾಕಿಲ್ಲ, ಚೆಂಡ್ ಒರಾಕಿಲ್ಲ, ಗಾಳಿ ಒಡ್ಯಾಕಿಲ್ಲ. ಯಾತಕ್ಕೆ ಬತ್ತೀರಿ?" ಎಂದು ಜವರ ನೇರವಾಗಿಯೇ ಕೇಳಿದ. ನಾನು ಪರೀಕ್ಷಕನಾಗಿ ಬರುತ್ತಿದ್ದೇನೆ ಎಂದೆ. ಪರೀಕ್ಷಕ ಎಂಬ ಮಾತಿಗೆ ನಮ್ಮ ಕಡೆ ಬಹಳ ಬೆಲೆ. ಕಿಟಕಿಯ ಪಕ್ಕದ ಜಾಗವನ್ನೇ ಬಿಟ್ಟುಕೊಟ್ಟರು.

ನೂರು ಅಂಕ. ನೆಲಕ್ಕೆ ಮೂವತ್ತು, ಗೋಲಿನ ಕಂಬಗಳಿಗೆ ಇಪ್ಪತ್ತು, ಪ್ರೇಕ್ಷಕರಿಗೆ ಇಪ್ಪತ್ತು, ಗೆರೆಗಳಿಗೆ ಹತ್ತು, ನೆರಳು-ನೀರಿಗೆ ಹತ್ತು. ಉಳಿದ ಹತ್ತು ತರ್ಕಬದ್ಧತೆಗೆ. ಕೊನೆಯದು ಆ ಪರದೇಶದವನಲ್ಲಿ ಇರಲಿಲ್ಲ, ನನ್ನದೇ ಸೇರ್ಪಡೆ. ಮೈದಾನಕ್ಕೂ ತರ್ಕಕ್ಕೂ ಏನು ಸಂಬಂಧವೆಂದು ಕೇಳುವವರು ಹೊಳೆನರಸೀಪುರಕ್ಕೆ ಹೋಗಿ ನೋಡಬೇಕು. ಅಲ್ಲಿ ನಾವು ಆಡಿದ ಬಯಲು ಚೆನ್ನಾಗಿಯೇ ಇತ್ತು. ಹೇಮಾವತಿಯ ಕಡೆಯಿಂದ ತಂಗಾಳಿ, ಪಡುವಲಿಗೆ ಒಂದು ಸಾಲು ಹೊಂಗೆಮರ. ಆದರೆ ಬಯಲಿನ ಆಚೆ ರೈಲುಹಳಿ. ಮಧ್ಯಾಹ್ನದ ಗಾಡಿ ಬಂದ ಕೂಡಲೇ ಪ್ರೇಕ್ಷಕರೆಲ್ಲ ಆಟಕ್ಕೆ ಬೆನ್ನು ತಿರುಗಿಸಿ ರೈಲು ನೋಡುತ್ತಾರೆ; ಅವರ ಗೋಲಿಯೂ ನೋಡುತ್ತಾನೆ. ಆ ಹೊತ್ತಿಗೆ ಜವರ ಒಂದು ಗೋಲು ಹೊಡೆದ. ಅದು ಲೆಕ್ಕಕ್ಕಿಲ್ಲವೆಂದರು. ರೈಲು ಹೋಗುವಾಗ ಹೊಡೆದ ಗೋಲು ಹಿಡಿಯುವ ಪದ್ಧತಿ ಅವರಲ್ಲಿ ಇಲ್ಲವಂತೆ. "ದಿನಾ ನೋಡುವ ರೈಲನ್ನು ಮತ್ತೆ ಏನು ನೋಡುವುದು?" ಎಂದು ನಾನು ಅವರ ಗೋಲಿಯನ್ನು ಕೇಳಿದೆ. "ದಿನಾ ಇದೇ ಜನ ಬತ್ತಾರಾ ಸಾ ಅದ್ರಲ್ಲಿ?" ಎಂದು ಅವನು ನನ್ನನ್ನೇ ಕೇಳಿದ. ಐವತ್ತೆಂಟು ಅಂಕ, ತರ್ಕಕ್ಕೆ ಎರಡು.

ಚನ್ನರಾಯಪಟ್ಟಣದಲ್ಲಿ ಬಯಲು ಮೂಡಲಿಂದ ಪಡುವಲಿಗೆ ಇಳಿಜಾರು. ಚೆಂಡನ್ನು ಮೇಲಿನ ಗೋಲಿನ ಹತ್ತಿರ ಇಟ್ಟು ಸುಮ್ಮನಿದ್ದರೆ ತಾನೇ ಕೆಳಗಿನ ಗೋಲಿಗೆ ಹೋಗಿ ಸೇರುತ್ತದೆ ಎನ್ನುವಷ್ಟು. ಆದರೆ ಅಲ್ಲಿನ ಪ್ರೇಕ್ಷಕರು! ಪ್ರತಿಯೊಬ್ಬನೂ ರೆಫ್ರಿ. ಪ್ರತಿ ತೀರ್ಪಿಗೂ ಆಕ್ಷೇಪಣೆ, ಆಕ್ಷೇಪಣೆಗೆ ಸಮಾಧಾನ, ಸಮಾಧಾನಕ್ಕೆ ಮರುಪ್ರಶ್ನೆ. ಆಫ್‌ಸೈಡ್ ಎಂದರೇನು ಎಂಬ ವಿಷಯವಾಗಿ ಒಬ್ಬ ಕೊಬ್ಬರಿ ವ್ಯಾಪಾರಿಯ ಜೊತೆ ನಾನು ಆಟಕ್ಕೆ ಬೆನ್ನು ಹಾಕಿ ನಿಂತು ಇಡೀ ಎರಡನೆಯ ಅರ್ಧ ವಾದಿಸಿದೆ. ಆ ಅರ್ಧದಲ್ಲಿ ಎರಡು ಗೋಲು ಆದವಂತೆ, ನಾವಿಬ್ಬರೂ ನೋಡಲಿಲ್ಲ. ಪ್ರೇಕ್ಷಕರಿಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಕೊಟ್ಟೆ. ಒಟ್ಟು ಐವತ್ತನಾಲ್ಕು. ನಮ್ಮ ಹಾಸನದ್ದಕ್ಕೆ ಅರವತ್ತೊಂದು ಬಂದಿತ್ತು. ಸ್ವಂತ ಊರೆಂಬ ಮೋಹ ಎಲ್ಲೋ ಸೇರಿಕೊಂಡಿರಬಹುದೆಂದು ನನ್ನ ಮೇಲೆ ನನಗೇ ಅನುಮಾನ ಬಂದು ಐದು ಅಂಕ ಕಳೆದೆ. ಪರೀಕ್ಷಕನೆಂದರೆ ಹಾಗಿರಬೇಕು.

ಇನ್ನು ಅರಕಲಗೂಡು. ಅಲ್ಲಿ ಒಂದು ಖಾಸಗಿ ಹೈಸ್ಕೂಲು, ಮೈದಾನ ಅದರದು. ಅದನ್ನು ನೋಡಿಕೊಳ್ಳುತ್ತಿದ್ದ ಡ್ರಿಲ್ ಮಾಸ್ತರು ಬೇರೆ ಯಾರೂ ಅಲ್ಲ, ನನ್ನ ಭಾವ, ಅಂದರೆ ನನ್ನ ಅಕ್ಕನ ಗಂಡ. ಭಾವ ಮಾತು ಕಡಿಮೆಯ ಮನುಷ್ಯ. ದಿನವಿಡೀ ಸೀಟಿಯಲ್ಲಿ ಮಾತಾಡಿ ಅಭ್ಯಾಸವಾಗಿ ಮನೆಗೆ ಬಂದ ಮೇಲೂ ಕೈಸನ್ನೆಯಲ್ಲೇ ಸಾರು ಹಾಕಿಸಿಕೊಳ್ಳುವವರು. ಮೈದಾನದಲ್ಲಿ ಹುಲ್ಲು ಇರಲಿಲ್ಲ; ಬರೀ ಕೆಮ್ಮಣ್ಣು, ಅಲ್ಲಲ್ಲಿ ಕಲ್ಲು. ಗೋಲಿನ ಒಂದು ಕಂಬ ನೀಲಗಿರಿಯದು, ಇನ್ನೊಂದು ಬಿದಿರು. ಎರಡಕ್ಕೂ ಒಂದು ಮೊಳದ ವ್ಯತ್ಯಾಸ. ಗೆರೆಗಳೇ ಇಲ್ಲ. ಮೈದಾನದ ಒಂದು ಮೂಲೆಯಲ್ಲಿ ಒಂದು ವೀರಗಲ್ಲು ನಿಂತಿತ್ತು. ಯಾವ ಕಾಲದಲ್ಲೋ ಯಾರ ದನವನ್ನೋ ಕಾಯಲು ಹೋಗಿ ಸತ್ತವನದು. ಆ ಮೂಲೆಯಿಂದ ಕಾರ್ನರ್ ಒದೆಯುವವನು ಮೊದಲು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಒದೆಯುತ್ತಿದ್ದ. ಆಶ್ಚರ್ಯವೆಂದರೆ ಆಡಲು ಹೋದ ನಮ್ಮ ಜವರನೂ ಹಾಗೇ ಮಾಡಿದ. ನಾನು ಅವನನ್ನು ಹಿಡಿದು ನಿಲ್ಲಿಸಿ, "ಕಲ್ಲಿಗೆ ಕೈಮುಗಿದರೆ ಚೆಂಡು ಗೋಲಿಗೆ ಹೋಗುತ್ತದೇನಯ್ಯ?" ಎಂದೆ.

"ಓಗಾಕಿಲ್ಲ ಸಾ."

"ಮತ್ತೆ?"

"ಮುಗೀದಿದ್ರೂ ಓಗಾಕಿಲ್ಲ. ಮುಗುದ್ರೆ ನಮ್ದೇನ್ ಓಯ್ತದೆ?"

ತರ್ಕಬದ್ಧತೆಗೆ ಸೊನ್ನೆ ಹಾಕಿದೆ. ನೆಲಕ್ಕೆ ಒಂಬತ್ತು, ಕಂಬಕ್ಕೆ ಆರು, ಗೆರೆಗೆ ಸೊನ್ನೆ, ಪ್ರೇಕ್ಷಕರಿಗೆ ಹನ್ನೆರಡು, ನೆರಳು-ನೀರಿಗೆ ನಾಲ್ಕು. ಒಟ್ಟು ಮೂವತ್ತೊಂದು. ಭಾವನ ಮೈದಾನವೆಂದು ಒಂದೆರಡು ಅಂಕ ಹೆಚ್ಚು ಬಿದ್ದಿರಬಹುದೇ ಎಂದು ಎರಡೆರಡು ಸಲ ಪರಿಶೀಲಿಸಿದೆ. ಒಂದೆರಡು ಕಡಿಮೆ ಬಿದ್ದಿರಬಹುದೇ ಎಂದು ಪರಿಶೀಲಿಸುವುದು ಆಗ ನನಗೆ ಹೊಳೆಯಲಿಲ್ಲ.

ಇಲ್ಲಿಯವರೆಗೆ ಎಲ್ಲ ನನ್ನ ನೋಟ್‌ಬುಕ್ಕಿನೊಳಗೇ ಇತ್ತು. ಅಲ್ಲೇ ಇದ್ದಿದ್ದರೆ ಈ ಪ್ರಬಂಧದ ಅಗತ್ಯ ಬೀಳುತ್ತಿರಲಿಲ್ಲ. ಆದರೆ ಆ ದಿನಗಳಲ್ಲಿ ನಾನು ಟೈಪಿಂಗ್ ಕಲಿಯುತ್ತಿದ್ದೆ. ಅಭ್ಯಾಸಕ್ಕೆಂದು ಇದನ್ನೇ ಟೈಪು ಮಾಡಿದೆ. ಕನ್ನಡದ ಯಂತ್ರ ನಮ್ಮಲ್ಲಿರಲಿಲ್ಲ, ಇಂಗ್ಲಿಷಿನಲ್ಲೇ ಮಾಡಿದೆ. ಮೇಲೆ 'ಫಲಿತಾಂಶ' ಎಂಬರ್ಥದ ದೊಡ್ಡಕ್ಷರ, ಕೆಳಗೆ ಮನೆ ಮನೆಯಾಗಿ ಅಂಕಗಳು, ಕೊನೆಯ ಮನೆಯಲ್ಲಿ ತೇರ್ಗಡೆ ಅಥವಾ ಅನುತ್ತೀರ್ಣ. ಉತ್ತೀರ್ಣರಾಗಲು ಮೂವತ್ತೈದು ಬೇಕೆಂಬುದನ್ನು ನಾನು ಯೋಚಿಸಿ ಮಾಡಿದ್ದಲ್ಲ. ನಮ್ಮ ಪೀಳಿಗೆಯವರ ಕೈಗೆ ನೂರು ಅಂಕ ಕೊಟ್ಟರೆ ಮೂವತ್ತೈದರ ಕೆಳಗೆ ಗೆರೆ ತಾನಾಗಿಯೇ ಬೀಳುತ್ತದೆ. ಅರಕಲಗೂಡಿನ ಮುಂದೆ ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ ಎಳೆದು ಹಾಳೆಯನ್ನು ವಾಚನಾಲಯದ ಹಲಗೆಗೆ ಅಂಟಿಸಿದೆ. ಕಾರ್ಬನ್ ಪ್ರತಿಗಳು ಮೂರು ಇದ್ದವು. ಅವು ಬಸ್ಸು ಹತ್ತಿದವು. ನಮ್ಮ ಸೀಮೆಯಲ್ಲಿ ಇಂಗ್ಲಿಷಿನಲ್ಲಿ ಟೈಪಾಗಿ, ಮನೆ ಹಾಕಿ, ಅಂಕ ನಮೂದಾಗಿ, ಕೆಂಪು ಶಾಯಿ ಬಿದ್ದ ಕಾಗದ ಸರ್ಕಾರದ್ದಲ್ಲ ಎಂದು ಯಾರಾದರೂ ಹೇಳಿದರೆ ಹೇಳಿದವನನ್ನೇ ಅನುಮಾನದಿಂದ ನೋಡುತ್ತಾರೆ.

ಮುಂದಿನ ರಜೆಯಲ್ಲಿ ಅರಕಲಗೂಡಿಗೆ ಅಕ್ಕನ ಮನೆಗೆ ಹೋದೆ. ಅಕ್ಕ ಎಲೆ ಹಾಕಿದಳು, ಅನ್ನ ಬಡಿಸಿದಳು, ಸಾರು ಬಡಿಸಿದಳು. ಉಪ್ಪಿನಕಾಯಿ ಬರಲಿಲ್ಲ. ನನಗೆ ಉಪ್ಪಿನಕಾಯಿ ಬಡಿಸದೆ ಅಕ್ಕ ಒಂದು ದಿನವೂ ಇದ್ದವಳಲ್ಲ. ಏನೋ ನಡೆದಿದೆ ಎಂದುಕೊಂಡೆ.

"ಭಾವನ್ನ ಫೇಲ್ ಮಾಡ್ಬಿಟ್ಯಲ್ಲೋ ಸೀನ," ಎಂದಳು ಅಕ್ಕ.

"ಭಾವನನ್ನಲ್ಲ ಅಕ್ಕ, ಮೈದಾನವನ್ನು. ಎರಡಕ್ಕೂ ವ್ಯತ್ಯಾಸವಿದೆ."

"ನಿನ್ನ ಹಾಳೆ ಸ್ಕೂಲ್ ಕಮಿಟಿಗೆ ಬಂದು ಮೂರು ವಾರ ಆಯ್ತು. ಮೂರು ವರ್ಷದಿಂದ ಟೆಂಪರವರಿ ಇದ್ದೋರು, ಈ ಸಲ ಪರ್ಮನೆಂಟ್ ಮಾಡ್ತೀವಿ ಅಂತ ಗೌಡರು ಬಾಯಿಬಿಟ್ಟು ಹೇಳಿದ್ರು. ಈಗ, ಮೈದಾನಾನೇ ಫೇಲಾಗಿದೆ, ಮೇಷ್ಟ್ರನ್ನ ಹ್ಯಾಗೆ ಇಟ್ಕೊಳೋದು ಅಂತಿದಾರೆ. ಕೆಲಸ ಹೋದ್ರೆ ನಾವು ನುಗ್ಗೇಹಳ್ಳಿಗೆ ಹೋಗಿ ನಮ್ಮ ಓರಗಿತ್ತಿ ಕೈಕೆಳಗೆ ಇರ್ಬೇಕು. ಅವಳು ಅಳೆದು ಕೊಟ್ಟ ಎಣ್ಣೇಲಿ ಒಗ್ಗರಣೆ ಹಾಕ್ಬೇಕು. ಅದಕ್ಕೂ ಏನಾದ್ರೂ ವ್ಯತ್ಯಾಸ ಹೇಳ್ತೀಯೇನು?"

ನಾನು ನಿಷ್ಪಕ್ಷಪಾತದ ವಿಷಯ ಎತ್ತಿದೆ. ಭಾವನೆಂದು ನಾಲ್ಕು ಅಂಕ ಕೊಟ್ಟರೆ ನಾಳೆ ನನ್ನ ಪಟ್ಟಿಗೆ ಏನು ಬೆಲೆ ಉಳಿಯುತ್ತದೆ ಎಂದೆ. ಅಕ್ಕ ಸೌಟನ್ನು ಪಾತ್ರೆಯೊಳಗಿಟ್ಟು, "ನಿನಗೆ ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಎಷ್ಟು ಬಂದಿತ್ತೋ?" ಎಂದಳು.

"ಮೂವತ್ತೈದು."

"ಬಂದಿತ್ತೋ, ಹಾಕಿದ್ರೋ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಆದರೆ ಅದು ಉದ್ದವಾಗಿತ್ತು, ಸಾರು ಆರುತ್ತಿತ್ತು. ಅಷ್ಟರಲ್ಲಿ ಪಕ್ಕದ ಎಲೆಯಲ್ಲಿ ಕೂತಿದ್ದ ಭಾವ, ಮಾತೇ ಆಡದವರು, ಬಾಯಿಬಿಟ್ಟರು. "ಅವನನ್ನ ಏನೂ ಕೇಳ್ಬೇಡ ಕಣೆ. ಅವನು ಕಂಡದ್ದಕ್ಕೆ ಅವನು ಸೀಟಿ ಊದಿದಾನೆ. ನಾನೂ ರೆಫ್ರಿ. ನಾಲ್ಕು ಜನ ಕೂಗಿದ್ರು ಅಂತ ಸೀಟಿ ವಾಪಸ್ ತಗೊಳಕ್ಕಾಗಲ್ಲ." ನನಗೆ ಭಾವನ ಮೇಲೆ ಗೌರವ ಹುಟ್ಟಿತು. ಮಾತು ಬದಲಿಸಲೆಂದು ನಮ್ಮ ಚರ್ಚಾಕೂಟದ ಕಥೆ ಹೇಳಿದೆ, ಒಂದು ನಿಮಿಷದ ನಿಯಮವನ್ನೂ ಹೇಳಿದೆ. ಭಾವ ಕೈ ತೊಳೆಯಲು ಎದ್ದವರು ನಿಂತು, "ಒಂದೇ ನಿಮಿಷವೇ? ಕಮ್ಮಿ ಆಗಲ್ವಾ?" ಎಂದರು. "ಬೇರೆಯವರಿಗೆ ಕಮ್ಮಿ. ನನಗೆ ಹೆಚ್ಚು," ಎಂದೆ.

ಸಂಜೆ ಕಮಿಟಿಯ ಅಧ್ಯಕ್ಷ ಪುಟ್ಟೇಗೌಡರೇ ಮನೆಗೆ ಬಂದರು. ದೊಡ್ಡ ಹಿಡುವಳಿದಾರರು, ಬಿಳಿ ಪಂಚೆ, ಕೈಯಲ್ಲಿ ನನ್ನ ಹಾಳೆಯ ಕಾರ್ಬನ್ ಪ್ರತಿ. ಮಡಿಕೆಯಲ್ಲಿ ಹರಿಯದಂತೆ ಹಿಂದಕ್ಕೆ ರಟ್ಟು ಅಂಟಿಸಿದ್ದರು.

"ಏನಪ್ಪಾ, ನೀನೇಯಾ ಪರೀಕ್ಸೆ ಸಾಯೇಬ? ಆ ಜಮೀನ್ನ ನಮ್ಮಪ್ಪ ಕೊಟ್ಟುದ್ದು. ಐಕ್ಳು ಯಾವಾಗ್ಲಿಂದ ಆಡ್ತಾವೆ. ಒಂದಿನಾನೂ ಪೇಲಾಗಿರ್ನಿಲ್ಲ."

"ಇದುವರೆಗೆ ಯಾರೂ ಪರೀಕ್ಷೆ ಮಾಡಿರಲಿಲ್ಲ, ಗೌಡರೆ."

ಗೌಡರು ಯೋಚಿಸಿದರು. "ಅದೂ ದಿಟವೇಯ. ಪರೀಕ್ಸೆ ಅಂತ ಆದ್ಮೇಕೆ ಪೇಲು ಪಾಸು ಇದ್ದುದ್ದೇ. ಅಂಗಾರೆ ಸೆಪ್ಟೆಂಬರ್‌ಗೆ ಕಟ್ಟುಸ್ತೀವಿ ಬುಡು."

ಮಾರ್ಚಿನಲ್ಲಿ ನಪಾಸಾದ ಹುಡುಗರು ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆಗೆ ಕಟ್ಟುವುದು ಎಲ್ಲರಿಗೂ ಗೊತ್ತು. ಮೈದಾನವೊಂದು ಸೆಪ್ಟೆಂಬರಿಗೆ ಕಟ್ಟಿದ್ದು ಅದೇ ಮೊದಲಿರಬೇಕು. "ಮೇಷ್ಟ್ರು ಇಚಾರಾನೂ ಅಲ್ಲೀಗಂಟ ತಡೀಲಿ. ಪಾಸಾದ್ರೆ ಪರ್ಮನೆಂಟು. ಪೇಲಾದ್ರೆ ಬ್ಯಾರೆ ಮೇಷ್ಟ್ರು ನೋಡ್ತೀವಿ," ಎಂದು ಗೌಡರು ಎದ್ದರು. ಹೋಗುವಾಗ ನನಗೆ ಕೈಮುಗಿದರು. ನನಗೆ ಆಗ ಇಪ್ಪತ್ತೊಂದು ವರ್ಷ. ಆ ವಯಸ್ಸಿನಲ್ಲಿ ಒಬ್ಬ ಗೌಡರು ಕೈಮುಗಿದರೆ ಬೆನ್ನುಮೂಳೆ ಅರ್ಧ ಅಂಗುಲ ಉದ್ದವಾಗುತ್ತದೆ. ಬುದ್ಧಿ ಅಷ್ಟೇ ಗಿಡ್ಡವಾಗುತ್ತದೆ.

ಸೆಪ್ಟೆಂಬರ್ ಬಂತು. ಮಳೆ ನಾಲ್ಕು ದಿನದಿಂದ ಬಿಡುವು ಕೊಟ್ಟಿತ್ತು. ಹಾಸನದ ತಂಡವನ್ನು ಕಟ್ಟಿಕೊಂಡು ನಾನು ಬಸ್ಸಿನಿಂದ ಇಳಿದೆ. ಮೈದಾನದಲ್ಲಿ ಊರಿಗೆ ಊರೇ ನೆರೆದಿತ್ತು. ಭಾವ ಕಲ್ಲುಗಳನ್ನೆಲ್ಲ ಆಯಿಸಿದ್ದರು. ನಾಲ್ಕು ಕಂಬಗಳೂ ಈಗ ನೀಲಗಿರಿಯವು, ಒಂದೇ ಎತ್ತರ. ಹೊಳೆನರಸೀಪುರದ ಹೊಂಗೆ ಸಾಲಿಗೆ ನಾನು ಹೆಚ್ಚು ಅಂಕ ಕೊಟ್ಟದ್ದನ್ನು ಪಟ್ಟಿಯಲ್ಲಿ ಓದಿ ಪಡುವಲಿಗೆ ಒಂದು ಸಾಲು ಹೊಂಗೆಕೊಂಬೆ ಕಡಿದು ತಂದು ನೆಟ್ಟಿದ್ದರು. ಬೆಳಗಿನ ಬಿಸಿಲಿಗೇ ಅವು ಬಾಡಿ ತಲೆ ತಗ್ಗಿಸಿದ್ದವು. ಮಾದರಿ ಉತ್ತರ ಬಾಯಿಪಾಠ ಮಾಡಿ ಬಂದ ಹುಡುಗನ ಹಾಗೆ ಮೈದಾನ ಕೈಕಟ್ಟಿ ನಿಂತಿತ್ತು. ಅಷ್ಟಾಗಿಯೂ ನಾನು ನೋಡುತ್ತ ನಿಂತದ್ದು ಅವು ಯಾವುದನ್ನೂ ಅಲ್ಲ, ಗೆರೆಗಳನ್ನು.

ಗೆರೆಗೆ ಸೊನ್ನೆ ಬಿದ್ದಿದ್ದು ಅಕ್ಕನ ಮನಸ್ಸಿನಲ್ಲಿ ನಾಟಿತ್ತಂತೆ. ಭಾವ ಸುಣ್ಣಕ್ಕೆ ಅರ್ಜಿ ಹಾಕಿದ್ದರು. ಕಮಿಟಿ ಅದನ್ನು ಪರಿಶೀಲಿಸುತ್ತಿತ್ತು. "ಗೆರೆ ತಾನೇ? ನಾನು ನೋಡ್ಕೋತೀನಿ," ಎಂದು ಅಕ್ಕ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬೆಳಕು ಹರಿಯುವಾಗಲೇ ಮೈದಾನಕ್ಕೆ ಇಳಿದಿದ್ದಾಳೆ. ಗೆರೆ ಬೀಳುವ ಕಡೆಯೆಲ್ಲ ಗುಡಿಸಿ, ಸಗಣಿನೀರು ಹಾಕಿ ಸಾರಿಸಿದ್ದಾರೆ. ಮೇಲೆ ರಂಗೋಲಿ ಬಿಟ್ಟಿದ್ದಾರೆ. ಅಳತೆಯಲ್ಲಿ ಒಂದು ಗೇಣು ತಪ್ಪಿರಲಿಲ್ಲ, ಭಾವ ಹಗ್ಗ ಹಿಡಿದಿದ್ದರಂತೆ. ಆದರೆ ಬರೀ ಗೆರೆ ಎಳೆದು ಬಿಡುವುದು ಅಕ್ಕನಿಗೆ ಗೊತ್ತಿಲ್ಲ. ಅಂಚಿನುದ್ದಕ್ಕೂ ಬಳ್ಳಿ. ಪೆನಾಲ್ಟಿ ಚೌಕದ ನಾಲ್ಕು ಮೂಲೆಗೂ ಜೋಡಿ ಗಿಳಿ. ನಡುವಿನ ವೃತ್ತದಲ್ಲಿ, ಸುತ್ತಳತೆ ಸರಿಯಾಗಿಯೇ, ಎಂಟು ದಳದ ಒಂದು ತಾವರೆ; ಒಳಗೆ ಅರಿಶಿನ, ದಳದ ತುದಿಗೆ ಕುಂಕುಮ. ನನ್ನ ಪಟ್ಟಿಯಲ್ಲಿ ಇದಕ್ಕೆ ಮನೆ ಇರಲಿಲ್ಲ.

ಭಾವ ಸೀಟಿ ಊದಿದರು. ಯಾರೂ ಕದಲಲಿಲ್ಲ. ಚೆಂಡನ್ನು ತಾವರೆಯ ನಡುವೆ ಇಡಬೇಕು, ಇಡುವುದು ಯಾರು? ಕೊನೆಗೆ ಭಾವ ದಳಗಳ ಸಂದಿನಲ್ಲಿ ಕಾಲಿನ ಹೆಬ್ಬೆರಳೂರಿ, ಕೊಕ್ಕರೆಯ ಹಾಗೆ ಬಗ್ಗಿ ಇಟ್ಟು ಬಂದರು. ಜವರ ಇನ್ನೊಂದು ಸಂದಿನಲ್ಲಿ ಕೂತು ಉದ್ದಕ್ಕೆ ಕಾಲು ಚಾಚಿ, ತೊಟ್ಟಿಲು ತೂಗುವವನಂತೆ ಚೆಂಡನ್ನು ತನ್ನ ಕಡೆಗೆ ಎಳೆದುಕೊಂಡ. ಆಟ ಶುರುವಾಯಿತು. ಶುರುವಾದ ಮೇಲೆ ತಿಳಿಯಿತು, ಈ ಇಪ್ಪತ್ತೆರಡು ಜನರಲ್ಲಿ ಒಬ್ಬನೂ ರಂಗೋಲಿ ತುಳಿಯುವವನಲ್ಲ ಎಂದು. ಜವರ ಮೂವರನ್ನು ತಪ್ಪಿಸಿ ಬಿರುಗಾಳಿಯಂತೆ ಬಂದವನು ಪೆನಾಲ್ಟಿ ಚೌಕದ ಬಳ್ಳಿಯ ಮುಂದೆ ಗಕ್ಕನೆ ನಿಂತ. ಚೆಂಡು ಒಂದೇ ಒಳಗೆ ಹೋಗಿ ಗಿಳಿಯ ಬಾಲ ಅಳಿಸಿ ಗೋಲಿಯ ಕೈ ಸೇರಿತು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ, ಚೆಂಡಿಗೆ ಕಣ್ಣಿಲ್ಲವಲ್ಲ. ಅರಕಲಗೂಡಿನ ಕಡೆಯ ಒಬ್ಬನ ಹಿಮ್ಮಡಿ ಒಂದು ಎಲೆಯ ತುದಿಗೆ ತಾಗಿತು ಅಷ್ಟೇ. "ಏಯ್! ಕಣ್ ಕಾಣಾಕಿಲ್ವಾ? ನಿಮ್ಮವ್ವ ಬುಟ್ಟಿದ್ರೆ ಇಂಗೇ ತುಳೀತಿದ್ಯಾ?" ಎಂದು ಪುಟ್ಟೇಗೌಡರೇ ಬೆಂಚಿನಿಂದ ಎದ್ದು ಗದರಿದರು. ಊರಿಗೆ ಊರೇ ಛೀ ಎಂದಿತು. ಆ ಹುಡುಗ ಆಮೇಲೆ ಇಡೀ ಆಟ ಬಳ್ಳಿಯಿಂದ ಎರಡು ಮಾರು ದೂರವೇ ನಿಂತ.

ಅರ್ಧಾವಧಿಯಲ್ಲಿ ನಾನು ಜವರನನ್ನು ತರಾಟೆಗೆ ತೆಗೆದುಕೊಂಡೆ. ಗೆರೆ ಎಂದರೆ ಗೆರೆ, ಸುಣ್ಣದ ಪುಡಿಯಾದರೇನು ರಂಗೋಲಿ ಪುಡಿಯಾದರೇನು, ಎರಡೂ ಕಲ್ಲಿನ ಹುಡಿಯೇ ಎಂದು ಸಿದ್ಧಾಂತ ಮಾಡಿದೆ.

"ದಿಟ ಸಾ," ಎಂದ ಜವರ ನೀರು ಕುಡಿಯುತ್ತ. "ಅಕ್ಕಾವ್ರು ಬೆಳಿಗ್ಗಿಂದ ಸೊಂಟ ಬಗ್ಗಿಸಿ ಬುಟ್ಟವ್ರೆ. ಎಂಗ್ ತುಳೀಲಿ? ನೀವೇ ಒಂದ್ಕಿತ ತುಳುದು ತೋರ್ಸಿ, ಆಮ್ಯಾಕೆ ನೋಡವ."

"ಪರೀಕ್ಷಕ ಉತ್ತರ ಬರೆದು ತೋರಿಸುವುದಿಲ್ಲ," ಎಂದು ನಾನು ಅಲ್ಲಿಂದ ಎದ್ದೆ.

ಆಟ ಗೋಲಿಲ್ಲದೆ ಮುಗಿಯಿತು. ಬಾಡಿದ ಹೊಂಗೆಕೊಂಬೆಯ ಕೆಳಗೆ ಕೂತು ನಾನು ಅಂಕ ಹಾಕಿದೆ. ನೆಲಕ್ಕೆ ಹನ್ನೆರಡು. ಕಂಬಕ್ಕೆ ಹತ್ತು. ನೆರಳು-ನೀರಿಗೆ ಏಳು. ಪ್ರೇಕ್ಷಕರು, ಆಟಗಾರನನ್ನು ಆಡಿದ್ದಕ್ಕೇ ಬೈದವರು, ಹನ್ನೆರಡರಿಂದ ಐದಕ್ಕೆ ಇಳಿದರು. ತರ್ಕಬದ್ಧತೆಗೆ ಸೊನ್ನೆಗಿಂತ ಕೆಳಗೆ ಕೊಡಲು ಅವಕಾಶವಿರಲಿಲ್ಲ. ಉಳಿದದ್ದು ಗೆರೆ. ಹತ್ತಕ್ಕೆ ಹತ್ತು ಎಂದು ಕೈ ಬರೆಯಲು ಹೊರಟಿತ್ತು. ಆದರೆ ಆಟಗಾರರನ್ನು ಆಟದಿಂದ ಹೊರಗಿಡುವ ಗೆರೆಯನ್ನು ಗೆರೆಯೆಂದು ಹೇಗೆ ಒಪ್ಪುವುದು? ಸೊನ್ನೆ. ಕೂಡಿದೆ. ಮೂವತ್ತನಾಲ್ಕು. ಮೇಲಿನಿಂದ ಕೂಡಿದೆ, ಕೆಳಗಿನಿಂದ ಕೂಡಿದೆ. ಲೆಕ್ಕದಲ್ಲಿ ಮೂವತ್ತೈದು ಬಂದವನು ನಾನು, ತಪ್ಪಿರಬಹುದೆಂದು ಬೆರಳು ಮಡಿಸಿಯೂ ಎಣಿಸಿದೆ. ಮೂವತ್ತನಾಲ್ಕೇ.

ಮೈದಾನದ ಆಚೆ ಅಂಚಿನಲ್ಲಿ ಬೆಂಚಿನ ಮೇಲೆ ಗೌಡರು ಕಾಯುತ್ತಿದ್ದರು. ಅವರ ಹಿಂದೆ ಹೆಂಗಸರ ಗುಂಪಿನಲ್ಲಿ ಅಕ್ಕ, ಸೆರಗಿನ ತುದಿಯಲ್ಲಿ ಇನ್ನೂ ರಂಗೋಲಿಯ ಪುಡಿ. ಒಂದು ಅಂಕ. ಕೊಟ್ಟರೆ ಕೇಳುವವರು ಯಾರು? ನಾನೇ ಕೇಳುತ್ತೇನಲ್ಲ, ಅದೇ ತೊಂದರೆ. ಸೀಟಿ ವಾಪಸು ತೆಗೆದುಕೊಳ್ಳಲಾಗದು ಎಂದವರು ಭಾವನೇ. ಹಾಳೆ ಹಿಡಿದು ಎದ್ದೆ. ಈಚೆಯಿಂದ ಆಚೆಗೆ ನೇರವಾಗಿ ನಡೆದೆ. ಊರೆಲ್ಲ ನೋಡುತ್ತಿತ್ತು. ಗೌಡರಿಗೆ ಹೇಗೆ ಹೇಳುವುದು, ಅಕ್ಕನ ಮುಖ ಹೇಗೆ ನೋಡುವುದು, ನುಗ್ಗೇಹಳ್ಳಿಯ ಓರಗಿತ್ತಿ ಎಣ್ಣೆಯನ್ನು ಯಾವ ಚಮಚದಲ್ಲಿ ಅಳೆಯುತ್ತಾಳೆ, ಇದೇ ಯೋಚನೆ. ಕಾಲಿನ ಕಡೆ ನನ್ನ ಗಮನವಿರಲಿಲ್ಲ. ನಡುವೆ ಬಂದಾಗ ಭಾವ ಎದುರಾದರು. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ಕತ್ತಿನಲ್ಲಿ ಸೀಟಿ.

"ಸೀನ," ಎಂದರು. "ಅಲ್ಲಿಂದ ನೇರ ಬಂದೆ. ಇಲ್ಲಿ ಯಾಕಪ್ಪ ಸುತ್ತಿ ಬಂದೆ?"

ಹಿಂತಿರುಗಿ ನೋಡಿದೆ. ಕೆಮ್ಮಣ್ಣಿನಲ್ಲಿ ನನ್ನ ಚಪ್ಪಲಿಯ ಗುರುತು ಹೊಂಗೆಯ ಸಾಲಿನಿಂದ ಹಗ್ಗ ಹಿಡಿದಂತೆ ನೇರವಾಗಿ ಬಂದಿತ್ತು. ತಾವರೆ ಇನ್ನೊಂದು ಹೆಜ್ಜೆ ಎನ್ನುವಾಗ ಬಲಕ್ಕೆ ಸರಿದಿತ್ತು. ಎಂಟು ದಳಗಳನ್ನೂ ಮರ್ಯಾದೆಯಾಗಿ ಬಳಸಿ, ಆಚೆ ಮತ್ತೆ ನೇರವಾಗಿತ್ತು. ಆಟ ಮುಗಿದಿತ್ತು. ಆ ತಾವರೆಯನ್ನು ಇನ್ನು ಯಾರು ತುಳಿದರೂ ನಷ್ಟವಿರಲಿಲ್ಲ. ಕಲ್ಲಿನ ಹುಡಿ ಎಂದು ಒಂದು ಗಂಟೆಯ ಹಿಂದೆ ಸಿದ್ಧಾಂತ ಮಾಡಿದವನು ನಾನೇ.

ಬಾಯಿ ತೆರೆದೆ. ಏನೂ ಬರಲಿಲ್ಲ. ಭಾವ ನಿಧಾನವಾಗಿ ಜೇಬಿನಿಂದ ರೆಫ್ರಿ ಗಡಿಯಾರ ತೆಗೆದು ಅಂಗೈಯಲ್ಲಿಟ್ಟುಕೊಂಡು ಮುಳ್ಳು ನೋಡುತ್ತ ನಿಂತರು. ನಾನು ಕೆಮ್ಮಿದೆ. ಕನ್ನಡಕ ಒರೆಸಿಕೊಂಡೆ. ಅಭ್ಯಾಸಬಲ ಎನ್ನೋಣವೆಂದುಕೊಂಡೆ, ಅಭ್ಯಾಸವನ್ನೇ ಅಲ್ಲವೇ ನಾನು ಅಲ್ಲಗಳೆಯುವುದು? ಸೌಂದರ್ಯದ ದೃಷ್ಟಿಯಿಂದ ಎನ್ನೋಣವೆಂದುಕೊಂಡೆ. ಹಾಗಾದರೆ ಗೆರೆಗೆ ಸೊನ್ನೆ ಹೇಗೆ ಹಾಕಿದೆ? ಒಂದು ನಿಮಿಷ ಎಷ್ಟು ಚಿಕ್ಕದೆಂದು ನನಗೆ ಮೊದಲ ಸಲ ತಿಳಿಯಿತು. ಭಾವ ಸೀಟಿಯನ್ನು ಬಾಯಿಗಿಟ್ಟು ಜೋರಾಗಿ ಊದಿದರು. ಆಟ ಮುಗಿದ ಮೇಲೆ ಯಾಕೆ ಸೀಟಿ ಎಂದು ಊರವರಿಗೆ ತಿಳಿಯಲಿಲ್ಲ.

"ಆಯ್ತು, ಒಂದು ನಿಮಿಷ," ಎಂದರು. ಅಷ್ಟೇ ಹೇಳಿ ಗಡಿಯಾರವನ್ನು ಜೇಬಿಗೆ ಹಾಕಿಕೊಂಡರು.

ನಿಯಮ ನಾನೇ ತಂದದ್ದು. ಉತ್ತರ ಹೊರಡದಿದ್ದರೆ ಎದುರಾಳಿಯ ಲೆಕ್ಕಕ್ಕೆ ಒಂದು ಅಂಕ. ಅಲ್ಲೇ ನಿಂತು ಹಾಳೆಯ ಮೇಲೆ ನಾಲ್ಕನ್ನು ಐದು ಮಾಡಿ ಪಕ್ಕದಲ್ಲಿ ಸಹಿ ಹಾಕಿದೆ. ಇದು ಗ್ರೇಸ್ ಅಂಕವ‍ಲ್ಲ, ನ್ಯಾಯವಾಗಿ ಗೆದ್ದದ್ದು. ನನ್ನಿಂದ ಆ ಅಂಕ ಗೆದ್ದವರು ನಾಲ್ಕು ವರ್ಷದಲ್ಲಿ ಭಾವ ಒಬ್ಬರೇ. ಗೌಡರು ಹಾಳೆಯನ್ನು ದೂರ ಹಿಡಿದು ಓದಿಕೊಂಡರು. "ಮೂವತ್ತೈದಾ? ಸಾಕು ಬುಡಪ್ಪ. ನಮ್ ಮನೆ ಐಕ್ಳು ಯಾರೂ ಅದ್ರ ಮ್ಯಾಲಕ್ಕೆ ಓಗಿಲ್ಲ," ಎಂದು ಸಂತೋಷದಿಂದ ಭಾವನ ಕೈ ಹಿಡಿದರು. ಆ ರಾತ್ರಿಯ ಊಟದಲ್ಲಿ ಉಪ್ಪಿನಕಾಯಿ ಎರಡು ಸಲ ಬಂತು.

ಇದಾಗಿ ಎರಡು ವರ್ಷವಾಯಿತು. ಭಾವ ಪರ್ಮನೆಂಟಾಗಿದ್ದಾರೆ, ಮೈದಾನದ ಗೆರೆಗೆ ಕಮಿಟಿಯಿಂದ ಸುಣ್ಣವೂ ಮಂಜೂರಾಗಿದೆ. ನಾನು ಪಟ್ಟಿ ಮಾಡುವುದನ್ನು ಬಿಟ್ಟೆ. ಆದರೆ ಆ ಪ್ರಶ್ನೆಯನ್ನು ಬಿಟ್ಟಿಲ್ಲ. ಅಂದು ಯಾಕೆ ಸುತ್ತಿ ಬಂದೆ ಎಂಬುದಕ್ಕೆ ಈಗ ನನ್ನಲ್ಲಿ ಏಳು ಉತ್ತರಗಳಿವೆ. ಐದನೆಯದಂತೂ ಯಾವ ಸಭೆಯಲ್ಲಿ ಹೇಳಿದರೂ ಎದುರಾಳಿ ಏಳಲಾರ. ಈ ಸಲ ಹೇಳಿಯೇ ಬಿಡಬೇಕೆಂದು ಪ್ರತಿ ರಜೆಯಲ್ಲೂ ಅರಕಲಗೂಡಿಗೆ ಹೋಗುತ್ತೇನೆ. ಹೊಸ್ತಿಲ ಮುಂದೆ ಅಗಲಕ್ಕೆ ಅಕ್ಕನ ರಂಗೋಲಿ ಇರುತ್ತದೆ. ಭಾವ ಜಗಲಿಯ ಮೇಲೆ ಕೂತು, ನಾನು ಎಲ್ಲಿ ಕಾಲಿಡುತ್ತೇನೆಂದು ನೋಡುತ್ತಿರುತ್ತಾರೆ.